ಊರಿನ ಬದುಕನ್ನು ಮಕ್ಕಳಿಂದಲೇ ಫೋಟೊ ತೆಗೆಸುವುದು ಹೇಗೆ?

ತೀರ್ಥಹಳ್ಳಿ ಕಡೆಯ ನಿಮ್ಮ ಶಾಲೆಯ ಮಕ್ಕಳಿಂದ ಊರಿನ ಫೋಟೊ ತೆಗೆಸಬೇಕು, ಒಳ್ಳೆಯ ಕ್ಯಾಮೆರಾ ಇಲ್ಲದೆ ಆಗುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಮನೆಯ ಹಳೆಯ ಫೋನ್ ಸಾಕು.

1990ರ ದಶಕದಲ್ಲಿ ಸಂಶೋಧಕಿಯರಾದ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿ ಹೆಂಗಸರ ಜೊತೆ, ಜನರೇ ತಮ್ಮ ಬದುಕಿನ ಫೋಟೊ ತೆಗೆಯುವ ‘ಫೋಟೊವಾಯ್ಸ್’ ವಿಧಾನ ರೂಪಿಸಿದರು. ಅದರಲ್ಲಿ ಚಿತ್ರದಷ್ಟೇ, ಆ ಚಿತ್ರ ಮುಂದಿಟ್ಟುಕೊಂಡು ಆಡುವ ಮಾತೂ ಮುಖ್ಯ. ಮಕ್ಕಳಿಗೂ ಇದೇ ಚೆನ್ನಾಗಿ ಒಗ್ಗುತ್ತದೆ.

“ಊರನ್ನು ತೋರಿಸಿ” ಎಂದರೆ ಮಕ್ಕಳು ಜೋಗ, ಆಗುಂಬೆಯ ಸೂರ್ಯಾಸ್ತ ಎನ್ನುತ್ತಾರೆ. ಅದನ್ನು ಎಲ್ಲರೂ ತೆಗೆದಾಗಿದೆ. ಸಣ್ಣ ಪ್ರಶ್ನೆ ಕೊಡಿ. ಅಡಿಕೆ ಸುಲಿಯುವ ರಾತ್ರಿ ಅಂಗಳದಲ್ಲಿ ಯಾರ್ಯಾರು ಇರುತ್ತಾರೆ? ತೋಟಕ್ಕೆ ಸೊಪ್ಪು ಹೊರುವವರು ಯಾರು? ಶಾಲೆಯ ದಾರಿಯಲ್ಲಿ ಎಲ್ಲಿ ಭಯವಾಗುತ್ತದೆ? ಈ ಕೊನೆಯ ಪ್ರಶ್ನೆಗೆ ಮಳೆಗಾಲದ ಹಳ್ಳದ ಮೇಲಿನ ಕಾಲುಸಂಕದ ಚಿತ್ರ ಬಂದರೆ, ದಯವಿಟ್ಟು ಅದನ್ನು ಪ್ರದರ್ಶನದ ಗೋಡೆಗಷ್ಟೇ ಬಿಡಬೇಡಿ. ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಆ ಮಗುವೇ ಅದನ್ನು ಹಿಡಿದು ಮಾತಾಡಲಿ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳವೇ ಅದು.

ಜಡಿಮಳೆಯಲ್ಲಿ ಒಳಮನೆ ಕತ್ತಲು. ಫ್ಲ್ಯಾಶ್ ಬೇಡ, ಅಜ್ಜಿಯನ್ನು ಕಿಟಕಿ ಪಕ್ಕ ಕೂರಿಸಿ, ಫೋನ್ ಹಿಡಿದ ಕೈಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದರೆ ಚಿತ್ರ ಅಲುಗುವುದಿಲ್ಲ.

ಎದುರಿಗಿರುವವರನ್ನು ಕೇಳಿಯೇ ತೆಗೆಯಬೇಕು, ಬೇಡ ಎಂದರೆ ಅಳಿಸಬೇಕು. ಆನ್‌ಲೈನ್ ಹಾಕುವುದಾದರೆ ಪೋಷಕರ ಒಪ್ಪಿಗೆ ಬೇಕು, ಫೋನಿನ ಲೊಕೇಶನ್ ಆಫ್ ಇರಬೇಕು. ಚಿತ್ರದ ಕೆಳಗಿನ ಸಾಲನ್ನು ಮಗು ತನ್ನ ಮನೆಮಾತಿನಲ್ಲೇ ಬರೆಯಲಿ, ನೀವು ತಿದ್ದಬೇಡಿ.