ಅತ್ತೆಯ ಎದೆಗೆ ಮತ್ತೆ ಮತ್ತೆ ನೀರು: ಕೊಳವೆ ಹಾಕಿಸಬೇಕೆ?

ಪ್ರಶ್ನೆ: ನಮ್ಮ ಮನೆ ಸೋಮವಾರಪೇಟೆಯ ಶಾಂತಳ್ಳಿ ಕಡೆ. ಅತ್ತೆಗೆ 68 ವರ್ಷ. ಸ್ತನ ಕ್ಯಾನ್ಸರ್ ಶ್ವಾಸಕೋಶದ ಪೊರೆಗೂ ಹಬ್ಬಿದೆ. ಎರಡು ಮೂರು ವಾರಕ್ಕೊಮ್ಮೆ ಉಸಿರು ಕಟ್ಟುತ್ತದೆ, ಮೈಸೂರಿಗೆ ಕರೆದೊಯ್ದು ಸೂಜಿ ಹಾಕಿಸಿ ನೀರು ತೆಗೆಸುತ್ತೇವೆ. ಎದೆಯಲ್ಲೇ ಕೊಳವೆ ಇರಿಸಿದರೆ ಮನೆಯಲ್ಲೇ ತೆಗೆಯಬಹುದು ಎಂದು ವೈದ್ಯರು ಹೇಳಿದ್ದಾರೆ. ಈ ವಯಸ್ಸಿನಲ್ಲಿ ಅಮ್ಮನಿಗೆ ಆ ಹಿಂಸೆ ಬೇಡ ಎನ್ನುವುದು ನನ್ನ ಯಜಮಾನರ ಹಟ. ಕುಡಿಯುವ ನೀರು ಕಡಿಮೆ ಮಾಡಿ ಎನ್ನುತ್ತಾರೆ ನಾದಿನಿ. ನನಗೆ ಕೊಳವೆ ಎಂದರೇ ಭಯ. ಹೆದರಿಕೊಂಡಾರೆಂದು ಅತ್ತೆಗೆ ನಾವು ಏನೂ ಹೇಳಿಲ್ಲ.

ಉತ್ತರ: ಮೊದಲು ಅತ್ತೆಗೆ ಬಾಯಾರಿದಷ್ಟು ನೀರು ಕೊಡಿ. ಎದೆಯ ನೀರಿಗೂ ಕುಡಿಯುವ ನೀರಿಗೂ ಸಂಬಂಧವಿಲ್ಲ. ಶ್ವಾಸಕೋಶದ ಹೊರಗೆ ಎರಡು ತೆಳು ಪೊರೆಗಳಿವೆ, ನಡುವೆ ಕೆಲವೇ ಚಮಚದಷ್ಟು ದ್ರವ ಇರುತ್ತದೆ. ಕ್ಯಾನ್ಸರ್ ಆ ಪೊರೆಗೆ ತಗುಲಿದಾಗ ದ್ರವ ಹೆಚ್ಚು ಒಸರುತ್ತದೆ, ಹೀರಿಹೋಗುವ ದಾರಿಯೂ ಕಟ್ಟಿಕೊಳ್ಳುತ್ತದೆ. ಕುಡಿಯುವ ನೀರು ಬಿಡಿಸಿದರೆ ಆ ಜೀವಕ್ಕೆ ಸುಸ್ತು, ಮಲಬದ್ಧತೆ, ಅಷ್ಟೇ.

ಸೂಜಿಯಿಂದ ತೆಗೆಸುವುದು ತಕ್ಷಣ ನೆಮ್ಮದಿ ಕೊಡುತ್ತದೆ, ಆದರೆ ನೀರು ಬಹುತೇಕ ಮರಳಿ ತುಂಬುತ್ತದೆ. ಶ್ವಾಸಕೋಶ ಒಮ್ಮೆಲೇ ಹಿಗ್ಗಿದರೆ ಅಪಾಯವೆಂದು ಸಾಮಾನ್ಯವಾಗಿ ಒಂದೂವರೆ ಲೀಟರಿಗಿಂತ ಹೆಚ್ಚು ತೆಗೆಯುವುದಿಲ್ಲ. ಇನ್ನೊಂದು ದಾರಿ ಪ್ಲೂರೋಡೆಸಿಸ್: ನೀರು ಬಸಿದ ಮೇಲೆ ಟಾಲ್ಕ್ ಪುಡಿ ಹಾಕಿ ಪೊರೆಗಳೆರಡೂ ಅಂಟಿಕೊಳ್ಳುವಂತೆ ಮಾಡುವುದು. ಕೆಲವು ದಿನ ಆಸ್ಪತ್ರೆಯಲ್ಲಿರಬೇಕು, ಜ್ವರ, ನೋವು ಬರಬಹುದು. ಫಲಿಸಿದರೆ ಮತ್ತೆ ಮತ್ತೆ ಓಡಾಡುವ ಕಷ್ಟವಿಲ್ಲ. ಆದರೆ ನೀರು ತೆಗೆದ ಮೇಲೂ ಶ್ವಾಸಕೋಶ ಪೂರ್ತಿ ಅರಳದಿದ್ದರೆ ಇದು ಹಿಡಿಯುವುದಿಲ್ಲ, ಆಗ ಕೊಳವೆಯೇ ಸರಿ. ಅತ್ತೆಯ ಶ್ವಾಸಕೋಶ ಅರಳುತ್ತಿದೆಯೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಉಸಿರಾಟಕ್ಕೆ ಸಿಗುವ ಆರಾಮದಲ್ಲಿ ಪ್ಲೂರೋಡೆಸಿಸ್‌ಗೂ ಕೊಳವೆಗೂ ಹೆಚ್ಚು ವ್ಯತ್ಯಾಸವಿಲ್ಲ.

ನಿಮ್ಮ ಊರಿನ ಮಟ್ಟಿಗೆ ನನ್ನ ಒಲವು ಕೊಳವೆಯ ಕಡೆಗೇ. ಆಟಿ ತಿಂಗಳ ಮಳೆಯಲ್ಲಿ ಮರ ಬಿದ್ದು ರಸ್ತೆ ಮುಚ್ಚಿದ ರಾತ್ರಿ, ಕರೆಂಟೂ ಇಲ್ಲದೆ, ಏದುಸಿರು ಬಿಡುವ ಹಿರಿಯರನ್ನು ನೂರು ಕಿಲೋಮೀಟರಿಗೂ ಹೆಚ್ಚು ದೂರದ ಮೈಸೂರಿಗೆ ಸಾಗಿಸುವುದೇ ಹಿಂಸೆ. ಇದನ್ನು ನಿಮ್ಮ ಯಜಮಾನರಿಗೆ ಹೇಳಿ.

ಕೊಳವೆ ಪೆನ್ಸಿಲಿಗಿಂತ ತೆಳು, ಮೆತ್ತಗೆ. ಸ್ವಲ್ಪ ದೂರ ಚರ್ಮದಡಿ ಹಾದು ಪಕ್ಕೆಯ ಬಳಿ ಹೊರಬರುತ್ತದೆ, ಉಳಿದದ್ದನ್ನು ಸುತ್ತಿ ಡ್ರೆಸಿಂಗ್ ಹಾಕುತ್ತಾರೆ. ಸೀರೆಯಡಿ ಯಾರಿಗೂ ಕಾಣುವುದಿಲ್ಲ. ಸೋಪು ಹಚ್ಚಿ ಕೈ ತೊಳೆದು, ಕೈಗವಸು ಹಾಕಿ, ಮುಚ್ಚಳ ತೆಗೆದು ಬಾಟಲಿ ಜೋಡಿಸುವುದು. ಅತ್ತೆಗೆ ಕೆಮ್ಮು ಒತ್ತರಿಸಿದರೆ ಅಥವಾ ಎದೆ ನೋವು ಬಂದರೆ ಅಲ್ಲಿಗೇ ನಿಲ್ಲಿಸುವುದು. ಎಷ್ಟು ದಿನಕ್ಕೊಮ್ಮೆ, ಎಷ್ಟು ತೆಗೆಯಬೇಕು ಎಂದು ವೈದ್ಯರಿಂದ ಬರೆಸಿಕೊಳ್ಳಿ, ಬಾಟಲಿಯ ದರವನ್ನೂ ಕೇಳಿ. ನರ್ಸ್ ಎದುರಿಗೆ ನೀವೂ ಯಜಮಾನರೂ ಕೈಯಾರೆ ಮಾಡಿ ಕಲಿಯದೆ ಆಸ್ಪತ್ರೆ ಬಿಡಬೇಡಿ. ಮಗನಾದವರು ಈ ಕೆಲಸದಿಂದ ಹಿಂದೆ ಸರಿಯಬಾರದು. ಇಷ್ಟು ದಿನ ಎಲ್ಲ ನಿಮ್ಮ ತಲೆಯ ಮೇಲೇ ಬಿದ್ದಂತಿದೆ.

ಆದರೆ ನಿಮ್ಮ ಪತ್ರದಲ್ಲಿ ಎಲ್ಲರ ಮಾತೂ ಇದೆ, ಅತ್ತೆಯದು ಮಾತ್ರ ಇಲ್ಲ. ಸೂಜಿ ಚುಚ್ಚಿಸಿಕೊಳ್ಳುವವರು ಅವರು. ತಮಗೇನೋ ದೊಡ್ಡದೇ ಆಗಿದೆ ಎಂಬುದು ಇಷ್ಟರಲ್ಲಿ ಗೊತ್ತಾಗದೇ ಇರುತ್ತದೆಯೇ? ಕಾಯಿಲೆಯ ಪೂರ್ತಿ ಕಥೆ ಒಂದೇ ದಿನ ಹೇಳಬೇಕೆಂದಿಲ್ಲ. ಸಂಜೆ ಪಕ್ಕದಲ್ಲಿ ಕುಳಿತು, "ಅತ್ತೆ, ನೀರು ಮತ್ತೆ ತುಂಬುತ್ತಿದೆ. ಮನೆಯಲ್ಲೇ ತೆಗೆಯುವ ದಾರಿ ಇದೆಯಂತೆ. ನಿಮಗೆ ಏನನ್ನಿಸುತ್ತದೆ?" ಎಂದು ಕೇಳಿ. ಅವರು ಎಷ್ಟು ಕೇಳುತ್ತಾರೋ ಅಷ್ಟನ್ನು ನಿಜವಾಗಿ ಹೇಳಿ. ಬೇಡ ಎಂದರೆ ಅದಕ್ಕೂ ಬೆಲೆ ಕೊಡಿ.

ಅಲ್ಲಿಯವರೆಗೆ ಉಸಿರು ಸಿಕ್ಕಿಕೊಂಡಾಗ ಎದುರಿನ ಮೇಜಿನ ಮೇಲೆ ದಿಂಬಿಟ್ಟು ಮುಂದಕ್ಕೆ ಬಾಗಿ ಕೂರಿಸಿ, ಮುಖಕ್ಕೆ ಗಾಳಿ ಬೀಸಿ. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮದ್ದು ಸಣ್ಣ ಪ್ರಮಾಣದಲ್ಲಿ ಏದುಸಿರನ್ನೂ ತಗ್ಗಿಸಬಹುದು, ವೈದ್ಯರನ್ನು ಕೇಳಲು ಹಿಂಜರಿಯಬೇಡಿ. ಕೊಳವೆ ಹಾಕಿಸಿದ ಮೇಲೆ ಜ್ವರ, ಸುತ್ತ ಕೆಂಪು ಅಥವಾ ಕೀವು, ನೀರು ಬಾರದೆಯೂ ಉಸಿರು ಕಟ್ಟುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ.