ಹಳೆಯ ಎಂಜಿಬಿಗೆ ಪವರ್ ಸ್ಟೀರಿಂಗ್ ಬೇಕೇ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ನೆಲೆಸಿರುವ ನಾನು 1972ರ ಎಂಜಿಬಿ ಸ್ಪೋರ್ಟ್ಸ್ ಕಾರು ಕೊಂಡಿದ್ದೇನೆ. ನಿಲ್ಲಿಸುವಾಗ ಸ್ಟೀರಿಂಗ್ ಬಹಳ ಬಿಗಿ, ವೇಗದಲ್ಲಿ ಸಡಿಲವೆನಿಸುತ್ತದೆ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಹಾಕಿಸಬಹುದೇ?

ಉತ್ತರ: ಹಾಕಿಸಬಹುದು, ಆದರೆ ಈಗಲೇ ಬೇಡ. ಎಂಜಿಬಿಯಲ್ಲಿ ರ‍್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್ (ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿ ರ‍್ಯಾಕ್ ಎಂಬ ಹಲ್ಲಿನ ಸರಳನ್ನು ಅತ್ತಿತ್ತ ಸರಿಸುವ ವ್ಯವಸ್ಥೆ) ಇರುವುದರಿಂದ, ಭಾಗಗಳು ಸುಸ್ಥಿತಿಯಲ್ಲಿದ್ದರೆ ಅದು ಚುರುಕಾಗಿಯೇ ತಿರುಗಬೇಕು. ಬಿಗಿತಕ್ಕೆ ಹೆಚ್ಚಾಗಿ ಗ್ರೀಸ್ ಕಾಣದ, ಮುಂದಿನ ಚಕ್ರಗಳು ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್‌ಪಿನ್‌ಗಳೇ ಕಾರಣ. ಕಾರಿನ ಮುಂಭಾಗವನ್ನು ಜಾಕ್‌ನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ ನೋಡಿ. ಇನ್ನೊಬ್ಬರು ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ದೋಷ ಚಕ್ರದ ಬೇರಿಂಗಿನದು, ನಿಲ್ಲದಿದ್ದರೆ ಬಹುಮಟ್ಟಿಗೆ ಕಿಂಗ್‌ಪಿನ್‌ನದು. ಚಕ್ರ ಮೇಲೆದ್ದಿರುವಾಗಲೇ ಗ್ರೀಸ್ ತುಂಬಿಸಿ. ಭಾರವಿದ್ದಾಗ ಅದು ಒಳಗೆ ಸರಿಯಾಗಿ ಹರಡುವುದಿಲ್ಲ.

ಟ್ರ್ಯಾಕ್ ರಾಡ್ ತುದಿಗಳು (ರ‍್ಯಾಕನ್ನು ಚಕ್ರಗಳಿಗೆ ಜೋಡಿಸುವ ಸರಳುಗಳ ಕೀಲುಗಳು) ಸವೆದಿದ್ದರೆ ಎರಡನ್ನೂ ಬದಲಿಸಿ. ರ‍್ಯಾಕ್‌ನ ರಬ್ಬರ್ ಕವಚ ಹರಿದು ನೀರು ಒಳಹೊಕ್ಕಿದ್ದರೆ ರ‍್ಯಾಕನ್ನೇ ಬದಲಿಸಬೇಕಾದೀತು. ಈ ಹಂತದಲ್ಲಿ ಮೆಕ್ಯಾನಿಕ್‌ಗಳು ಅವಸರ ಮಾಡುವುದುಂಟು: ಸ್ಟೀರಿಂಗ್ ಕಾಲಮ್ಮಿನ (ಸ್ಟೀರಿಂಗ್ ಚಕ್ರದಿಂದ ಕೆಳಗಿಳಿಯುವ ದಂಡದ) ಮತ್ತು ಪಿನಿಯನ್ನಿನ ಅಕ್ಷಗಳು ಅವೆರಡನ್ನೂ ಜೋಡಿಸುವ ಬಾಗುವ ಕೀಲಾದ ಯೂನಿವರ್ಸಲ್ ಜಾಯಿಂಟಿನ ಮಧ್ಯದಲ್ಲಿ ಸಂಧಿಸುವಂತೆ, ಅಗತ್ಯವಿದ್ದಲ್ಲಿ ರ‍್ಯಾಕ್‌ನ ಕೆಳಗೆ ತೆಳು ತಗಡಿನ ಶಿಮ್‌ಗಳನ್ನಿಟ್ಟು ಹೊಂದಿಸದಿದ್ದರೆ, ಹೊಸ ರ‍್ಯಾಕ್ ಕೂಡ ಬಿಗಿಯಾಗಿಯೇ ತಿರುಗಿ ಜಾಯಿಂಟ್ ಬೇಗ ಸವೆಯುತ್ತದೆ. ಕೊನೆಗೆ ಟೋ-ಇನ್ ಅನ್ನು (ಮುಂದಿನ ಎರಡು ಚಕ್ರಗಳ ಮುಂಭಾಗ ಒಳಮುಖವಾಗಿರುವ ಪ್ರಮಾಣವನ್ನು) ಸುಮಾರು 1.5ರಿಂದ 2.4 ಮಿ.ಮೀ.ಗೆ ಹೊಂದಿಸಿ.

ಇಷ್ಟಾದ ಮೇಲೂ ತೋಳು ನೋಯುವುದಾದರೆ ಕಾಲಮ್ಮಿಗೆ ಕೂರುವ ಎಲೆಕ್ಟ್ರಿಕ್ ಕಿಟ್ ತೆಗೆದುಕೊಳ್ಳಿ. ಅದು ಶ್ರಮ ತಗ್ಗಿಸುತ್ತದೆಯೇ ಹೊರತು ಸಡಿಲತೆಯನ್ನಲ್ಲ. ಹಾಕಿಸುವ ಮೊದಲು ಈ ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸಿ.