ಬೋರ್ಡಲ್ಲಿ ಮಾಂಟೆಸ್ಸರಿ, ಬ್ಯಾಗಲ್ಲಿ ಎರಡು ಪುಟ ಎಬಿಸಿಡಿ

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ಮಾಂಟೆಸ್ಸರಿ ಅಂತ ಬೋರ್ಡ್ ನೋಡಿ ಹತ್ರದ ಶಾಲೆಗೆ ಹಾಕಿದ್ವಿ, ನೋಡಿದ್ರೆ ದಿನಾ ಎರಡು ಪುಟ ಎಬಿಸಿಡಿ ಹೋಮ್‌ವರ್ಕು. ಬರೀಲಿ ಬಿಡು, ಅದೇ ಓದು ಅಂತಾರೆ ಅತ್ತೆ. ಆಡ್ತಾ ಕಲಿಯೋದೆಲ್ಲ ಫಾರಿನ್ನೋರ ಶೋಕಿ ಅಂತಾರೆ ನಮ್ಮನೆಯವರು. ಯಾರ ಮಾತು ಸರಿ?
— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಬೋರ್ಡ್ ವಿಷ್ಯ ಮೊದ್ಲು ಹೇಳಿಬಿಡ್ತೀನಿ ತಾಯಿ, ಮಾಂಟೆಸ್ಸರಿ ಅಂತ ಯಾರು ಬೇಕಾದ್ರೂ ಹೆಸರು ಹಾಕ್ಕೋಬಹುದು, ಕೇಳೋರಿಲ್ಲ. ಮರಿಯಾ ಮಾಂಟೆಸ್ಸರಿ ಡಾಕ್ಟರು, 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊ ಅನ್ನೋ ಬಡವರ ಏರಿಯಾದಲ್ಲಿ ಮೊದಲ ಶಾಲೆ ತೆರೆದೋರು, ಅದ್ರಲ್ಲಿ ಶೋಕಿ ಎಲ್ಲಿಂದ ಬಂತು? ಅವರದೊಂದು ಸಾಮಾನಿದೆ, ಮರದ ದಿಮ್ಮಿಯಲ್ಲಿ ಹತ್ತು ತೂತು, ಅದಕ್ಕೆ ಸೈಜ್ ಪ್ರಕಾರ ಹತ್ತು ಗುಂಡನೆ ಕೊರಡು. ಒಂದನ್ನ ತಪ್ಪು ತೂತಿಗೆ ಹಾಕಿದ್ರೆ ಕೊನೇದು ಎಲ್ಲೂ ಕೂರಲ್ಲ, ಮಗೂನೇ ಎಲ್ಲಾ ತೆಗೆದು ಮತ್ತೆ ಜೋಡಿಸುತ್ತೆ, ಟೀಚರ್ ಬಾಯಿ ಬಿಡೋದೇ ಬೇಡ. ಆ ಕೊರಡಿನ ಮೇಲಿರೋ ಪುಟ್ಟ ಗುಬುಟು ಹಿಡಿಯೋದು ಪೆನ್ಸಿಲ್ ಹಿಡಿಯೋ ಮೂರು ಬೆರಳಲ್ಲೇ! ಆಮೇಲೆ ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರದ ಮೇಲೆ ಬೆರಳಾಡಿಸೋದು. ಹೀಗೆ ಕೈ ತಯಾರಾದ ಮಕ್ಕಳು ನಾಲ್ಕೈದು ವರ್ಷಕ್ಕೆ ತಾವಾಗೇ ಬರೆಯೋಕೆ ಶುರು ಮಾಡಿದ್ವು, ಹಾಗಾಗಿ ನಿಮ್ಮತ್ತೆ ಮಾತು ಪೂರ್ತಿ ತಪ್ಪೇನಲ್ಲ, ಅವಸರ ಅಷ್ಟೇ.

ಜಾನ್ ಡ್ಯೂಯಿ ಅಂತ ಇನ್ನೊಬ್ರು, ಅಮೆರಿಕದ ಚಿಂತಕರು, ಅಲ್ಲಿನ ಕೊಲಂಬಿಯಾ ಯೂನಿವರ್ಸಿಟೀಲಿ ಅಂಬೇಡ್ಕರ್‌ಗೆ ಮೇಷ್ಟ್ರು, ಶಿಕಾಗೋದಲ್ಲಿ 1896ರಲ್ಲೇ ಶಾಲೆ ತೆರೆದು ಮಕ್ಕಳ ಕೈಲಿ ಅಡುಗೆ, ಮರಗೆಲಸ, ನೇಯ್ಗೆ ಮಾಡಿಸಿ ಪಾಠ ಕಲಿಸಿದ್ರು. (ಅವರ ಪುಸ್ತಕ ಮಾತ್ರ ಕಬ್ಬಿಣದ ಕಡಲೆ.)

ಯಜಮಾನ್ರಿಗೆ ತಾರಾಬಾಯಿ ಮೋಡಕ್ ಬಗ್ಗೆ ಹೇಳಿ. ಮುಂಬೈಯಲ್ಲೇ 1892ರಲ್ಲಿ ಹುಟ್ಟಿದೋರು, ಗುಜರಾತಿನ ಭಾವನಗರದಲ್ಲಿ ಪುಟ್ಟ ಮಕ್ಕಳ ಶಾಲೆ ನಡೆಸ್ತಿದ್ದ ಗಿಜುಭಾಯಿ ಜೊತೆ ಕೆಲಸ ಮಾಡಿ 1945ರಲ್ಲಿ ಡಹಾಣು ಕಡೆಯ ಬೋರ್ಡಿ ಅನ್ನೋ ಊರಿಗೆ ಬಂದ್ರು, ಆಮೇಲೆ ಹತ್ತಿರದ ಕೋಸಬಾಡಕ್ಕೆ, ಜೊತೆಗೆ ಅವರ ಶಿಷ್ಯೆ ಅನುತಾಯಿ ವಾಘ್. ಹಳ್ಳೀಲಿ ದುಬಾರಿ ಸಾಮಾನು ಎಲ್ಲಿಂದ ತರೋದು, ಸುತ್ತಮುತ್ತ ಸಿಗೋದ್ರಲ್ಲೇ ಕಲಿಕೆ ಸಾಮಾನು ಮಾಡ್ಕೊಂಡ್ರು. ದನ ಮೇಯಿಸೋ ಆದಿವಾಸಿ ಮಕ್ಕಳು ಶಾಲೆಗೆ ಬರಲ್ಲ ಅಂದಾಗ ಹುಲ್ಲುಗಾವಲಿಗೇ ಶಾಲೆ ಒಯ್ದ್ರು ರೀ, ದನಾನೂ ಮೇಯ್ತಿತ್ತು ಪಾಠಾನೂ ನಡೀತಿತ್ತು. ಇವತ್ತಿನ ಅಂಗನವಾಡಿಯ ಬೇರು ಅಲ್ಲಿದೆ.

ನೀವು ಒಂದಿನ ಕ್ಲಾಸೊಳಗೆ ಅರ್ಧ ಗಂಟೆ ಕೂರೋಕೆ ಬಿಡ್ತಾರಾ ಕೇಳಿ. ಸಾಮಾನು ಮಕ್ಕಳ ಕೈಗೆ ಎಟುಕೋ ಹಾಗಿದ್ಯಾ, ಇಲ್ಲ ಬಂದೋರಿಗೆ ತೋರ್ಸೋಕೆ ಅಂತ ಕಪಾಟಲ್ಲಿ ಬೀಗ ಹಾಕಿದಾರಾ ನೋಡಿ. ಎಟುಕೋ ಹಾಗಿದ್ರೆ ಹೋಮ್‌ವರ್ಕ್ ಕಮ್ಮಿ ಮಾಡಿ ಅಂತ ಟೀಚರ್ ಹತ್ರ ಮಾತಾಡಬಹುದು. ಬೀಗ ಇದ್ರೆ ಜಗಳ ಆಡೋದು ವೇಸ್ಟು, ಮುಂದಿನ ವರ್ಷದ ಫೀಸ್ ಕಟ್ಟೋ ಮುಂಚೆ ಬೇರೆ ಶಾಲೆ ಹುಡುಕ್ಕೊಳ್ಳಿ.